ಭಟ್ಟಿಗೆ ಬಂದ ಬೆಕ್ಕಿನ ಪಾಠ

ಇಟ್ಟಿಗೆ ಭಟ್ಟಿಯ ಕತ್ತೆಗಳಿಗೆಲ್ಲ ಬೆನ್ನುನೋವು ಹಿಡಿದಿತ್ತು. ಹಿರಿಯ ಕತ್ತೆ ಬೂದಯ್ಯ ಯಜಮಾನನ ಬಳಿ ಹೋಗಿ, "ಧಣಿ, ಹೊರೆಗೆ ಹತ್ತು ಇಟ್ಟಿಗೆ ಕಡಿಮೆ ಮಾಡಿ. ಇಲ್ಲದಿದ್ದರೆ ನಾವು ಉಳಿಯುವುದಿಲ್ಲ" ಎಂದ. ಯಜಮಾನ ತುಂಬಾ ಮರುಗಿದ. ಇಟ್ಟಿಗೆಯನ್ನೇನೂ ಕಡಿಮೆ ಮಾಡಲಿಲ್ಲ. ಮಧ್ಯಾಹ್ನದ ವಿಶ್ರಾಂತಿಯ ಹೊತ್ತಿನಲ್ಲೇ ಆರೋಗ್ಯ ಶಿಬಿರ ಏರ್ಪಡಿಸಿ, ಪಾಠ ಹೇಳಲು ತನ್ನ ಮನೆಯ ಬೆಕ್ಕನ್ನು ಕಳಿಸಿದ.

ಬೆಕ್ಕು ಇಟ್ಟಿಗೆ ರಾಶಿಯ ಮೇಲೆ ಕುಳಿತು ಹೇಳಿತು: "ಮೈ ಬಗ್ಗಿಸದವರಿಗೇ ಬೆನ್ನುನೋವು ಬರುವುದು. ದಿನಾ ಸ್ವಲ್ಪ ನಡೆಯಿರಿ."

"ಬೆಳಗಿನಿಂದ ನಡೆಯುತ್ತಲೇ ಇದ್ದೇವಮ್ಮ" ಎಂದ ಬೂದಯ್ಯ.

"ಹಾಗಾದರೆ ಸ್ವಲ್ಪ ಭಾರ ಎತ್ತಿ. ಮೂಳೆ ಗಟ್ಟಿಯಾಗುತ್ತದೆ."

ಕತ್ತೆಗಳು ಮುಖ ಮುಖ ನೋಡಿಕೊಂಡವು. ಬೆಕ್ಕು ತನ್ನ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ತೋರಿಸಿತು. ಅದನ್ನು ಕಂಡು ಬೂದಯ್ಯನಿಗೆ ನಿಜಕ್ಕೂ ಆಸೆಯಾಯಿತು.

"ತಾಯಿ, ಇಂಥ ಬೆನ್ನು ನಿಮಗೆ ಹೇಗೆ ಬಂತು? ನೀವು ದಿನಾ ಏನು ಮಾಡುತ್ತೀರೋ ಅದನ್ನೇ ಹೇಳಿಕೊಡಿ."

ಬೆಕ್ಕು ಉಬ್ಬಿಹೋಯಿತು. "ಹಾಲು ಕುಡಿದು ಮಲಗುತ್ತೇನೆ. ಎದ್ದು ಮೈ ಮುರಿಯುತ್ತೇನೆ. ಆಮೇಲೆ ಮತ್ತೆ ಮಲಗುತ್ತೇನೆ."

ಕತ್ತೆಗಳು ಆ ಕ್ಷಣವೇ ಅಭ್ಯಾಸಕ್ಕಿಳಿದವು. ಸಂಜೆಯಾದರೂ ಒಂದೂ ಏಳಲಿಲ್ಲ. ನಡುವೆ ಗುರುವೂ ಗೊರಕೆ ಹೊಡೆಯುತ್ತಿತ್ತು. ಯಜಮಾನ ಕೂಗಾಡುತ್ತ ಓಡಿಬಂದ. ಬೂದಯ್ಯ ಒಂದೇ ಕಣ್ಣು ತೆರೆದು, "ಗಲಾಟೆ ಮಾಡಬೇಡಿ ಧಣಿ, ಶಿಬಿರ ನಡೆಯುತ್ತಿದೆ" ಎಂದ.

ಮರುದಿನವೇ ಶಿಬಿರ ನಿಂತಿತು. ಕತ್ತೆಗಳ ಆರೋಗ್ಯ ಬೇಕಾದ್ದಕ್ಕಿಂತ ಹೆಚ್ಚು ಸುಧಾರಿಸಿದೆ ಎಂದು ಯಜಮಾನ ಸಾರಿದ.