ಸಾಹುಕಾರನ ಎಮ್ಮೆ

ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ ನಮ್ಮ ಗದಗಿನ ಕಡೆ ಒಂದು ಹೆಸರಿತ್ತು. ಜಿನ್ನವೋ, ಜಿನ್ನಿಯೋ, ಸರಿಯಾಗಿ ನೆನಪಾಗದು. ಇರಲಿ, ಗಿರಣಿ ಅಂತಲೇ ಅನ್ನೋಣ.

ಆ ಗಿರಣಿಯಲ್ಲಿ ಹತ್ತಿ ಹೊರುವ ಹಮಾಲನೊಬ್ಬನಿದ್ದ. ದೀಪಾವಳಿಯ ಬೋನಸ್ಸಿನಲ್ಲಿ ಹೆಂಡತಿಗೆ ಹೊಲಿಗೆ ಯಂತ್ರ ಕೊಡಿಸುವ ಆಸೆ ಅವನಿಗೆ. ಅವಳು ನಾಲ್ಕು ಕುಪ್ಪಸ ಹೊಲಿದರೆ ಮನೆ ನಡೆಯುತ್ತಿತ್ತು.

ಆ ವರ್ಷ ಸಾಹುಕಾರ ಚನ್ನವೀರಪ್ಪ ಎಲ್ಲರನ್ನೂ ಕರೆದ. "ಬೋನಸ್ ಐನೂರು ರೂಪಾಯಿ ಐದು ವರ್ಷ ಬಿಟ್ಟು ಕೊಡ್ತೀನಿ. ಐನೂರು ಇವತ್ತೂ ಐನೂರು, ಆವತ್ತೂ ಐನೂರು. ಒಂದ ಪೈಸಾ ಕಡಿಮಿ ಆಗಂಗಿಲ್ಲ."

ಹಮಾಲ ಕೈಮುಗಿದ.

"ಆಗಲಿ ಧಣಿ. ನಿಮ್ಮ ಹಿತ್ತಲದಾಗಿನ ಎಮ್ಮಿ ನನಗ ಕೊಡ್ರಿ. ಐದು ವರ್ಷ ಬಿಟ್ಟು ಅದ ಎಮ್ಮಿ ತಂದು ಕಟ್ತೀನಿ. ಒಂದ ಕೋಡೂ ಕಡಿಮಿ ಆಗಂಗಿಲ್ಲ."

"ಭಾಳ ಶಾಣ್ಯಾ ಅದಿ. ಅಲ್ಲೀತನಕ ಹಾಲು ಯಾರಿಗೆ? ಹುಟ್ಟೋ ಕರ ಯಾರಿಗೆ?"

"ಎಮ್ಮಿ ಇವತ್ತೂ ಎಮ್ಮಿ, ಆವತ್ತೂ ಎಮ್ಮಿ ಅಲ್ಲೇನ್ರಿ?"

ಸಾಹುಕಾರ ಅಡಿಕೆ ಜಗಿಯುವುದನ್ನು ನಿಲ್ಲಿಸಿದ. "ಆತು, ನಿಮ್ಮ ಐನೂರಕ್ಕ ಹಾಲು-ಕರ ಸೇರಿಸೇ ಕೊಡ್ತೀನಿ" ಎಂದು ಗುಮಾಸ್ತನ ಕಡೆ ತಿರುಗಿದ. ವರ್ಷಕ್ಕೆ ನೂರಕ್ಕೆ ಹತ್ತು ಬಡ್ಡಿ, ಬಡ್ಡಿಗೂ ಬಡ್ಡಿ ಹಿಡಿಯಲು ಹೇಳಿದ. ಗುಮಾಸ್ತ ಲೆಕ್ಕ ಹಾಕಿ, "ತಲಾ ಎಂಟುನೂರಾ ಐದು ಆಗ್ತದ್ರಿ" ಎಂದ.

ಸಾಹುಕಾರ ತಿಜೋರಿ ತೆರೆದ. "ಮ್ಯಾಲಿನ ಮುನ್ನೂರಾ ಐದು ಯಾಕ ಕೊಡ್ಲಿ? ಇವತ್ತ ಐನೂರು ಒಯ್ಯಿರಿ" ಎಂದ.

ಹಬ್ಬಕ್ಕೆ ಹಮಾಲನ ಓಣಿಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳಿತು.

ನಾಳೆ ಕಾಮರ್ಸ್ ಪರೀಕ್ಷೆ ಅಂದೆಯಲ್ಲ ಶಾಂಭವಿ, ಇದನ್ನು ಬರೆದುಕೋ: ತಡವಾಗಿ ಬರುವ ರೂಪಾಯಿ ತನ್ನ ಕರುವನ್ನೂ ಕರೆದುಕೊಂಡು ಬರಬೇಕು.