ಇಪ್ಪತ್ತು ಹೆಚ್ಚು ತೋರಿಸಿದ ಯಂತ್ರ

“ಮಾಸ್ತರೇ, ಅಗ್ಗದ ಟ್ರೇನರ್ ಯಂತ್ರ ಸರಿಯಾದ ಅಳತೆ ತೋರಿಸುವುದಿಲ್ಲವಂತೆ. ತಪ್ಪು ಅಳತೆಯನ್ನು ನಂಬಿಕೊಂಡು ಸರಿಯಾದ ತಯಾರಿ ಮಾಡಲು ಆಗುತ್ತದೆಯೇ?”

ಹೀಗೆ ಕೇಳಿದವಳು ದಾನಮ್ಮ, ವಿಜಯಪುರದ ಸೈಕಲ್ ಪಟು. ಹಿಮಾಚಲದ ಒಂದು ಊರಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಅಲ್ಲಿ ವರ್ಷದ ನಾಲ್ಕು ತಿಂಗಳು ರಸ್ತೆಯ ಮೇಲೆ ಹಿಮ ಬಿದ್ದಿರುತ್ತದೆ. ಸೈಕಲ್ಲನ್ನು ಟ್ರೇನರಿಗೆ ಕಟ್ಟಿ ಮನೆಯೊಳಗೆ ನಿಂತಲ್ಲೇ ತುಳಿಯಬೇಕು. ಕಾಲು ಎಷ್ಟು ಬಲ ಹಾಕಿತೆಂಬುದನ್ನು ಆ ಯಂತ್ರ ಮೊಬೈಲಿನಲ್ಲಿ ತೋರಿಸುತ್ತದೆ.

ಅವಳಿಗೆ ಸೈಕಲ್ ವಿದ್ಯೆ ಕಲಿಸಿದ ರಾವುತಪ್ಪ ಮಾಸ್ತರರು, “ಕೂಡು ತಂಗಿ” ಎಂದು ಈ ಕತೆ ಹೇಳಿದರು.

ಒಬ್ಬ ಯೋಧನಿದ್ದ. ಗಡಿಯ ಬೆಟ್ಟಗಳಲ್ಲಿ ಗಸ್ತು ತಿರುಗುವುದು ಅವನ ಕೆಲಸ. ಒಮ್ಮೆ ಇಳಿಜಾರಿನಲ್ಲಿ ಜಾರಿಬಿದ್ದು ಬಲಮೊಣಕಾಲು ಮುರಿದುಕೊಂಡ. ಶಸ್ತ್ರಚಿಕಿತ್ಸೆ ಆಯಿತು. ಎದ್ದು ನಿಂತಾಗ ಬಲತೊಡೆ ಎಡತೊಡೆಯ ಅರ್ಧದಷ್ಟಾಗಿತ್ತು. ಏಪ್ರಿಲ್ ತಿಂಗಳಲ್ಲಿ ವೈದ್ಯರ ಮಂಡಳಿ ಅವನನ್ನು ಪರೀಕ್ಷಿಸಲಿತ್ತು. ಕಾಲು ಬಲವಾಗದಿದ್ದರೆ ಅವನು ಮತ್ತೆಂದೂ ಬೆಟ್ಟ ಹತ್ತುವಂತಿರಲಿಲ್ಲ. ಉಳಿದ ಸೇವೆಯನ್ನೆಲ್ಲ ಉಗ್ರಾಣದಲ್ಲಿ ಕಂಬಳಿ ಎಣಿಸಿ ಮುಗಿಸಬೇಕಿತ್ತು.

ವೈದ್ಯರು ದಿನವೂ ಸೈಕಲ್ ತುಳಿಯಲು ಹೇಳಿದರು. ಆದರೆ ಬೆಟ್ಟದ ಶಿಬಿರದ ಹೊರಗೆ ಆಗಲೇ ರಸ್ತೆ ಹೆಪ್ಪುಗಟ್ಟುತ್ತಿತ್ತು. ಯೋಧ ಬಯಲುಸೀಮೆಯ ನಗರಕ್ಕೆ ಇಳಿದು ಒಂದು ಸೈಕಲ್ ಅಂಗಡಿಗೆ ಹೋದ.

ಅಂಗಡಿಯವಳು ಎರಡು ಟ್ರೇನರ್ ತೋರಿಸಿದಳು. ಮೊದಲನೆಯದಕ್ಕೆ ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿ ಕೂರಿಸಬೇಕು. ಅದರ ಅಳತೆ ಕರಾರುವಾಕ್ಕು, ಬೆಲೆ ಅವನ ಎರಡು ತಿಂಗಳ ಸಂಬಳ. ಎರಡನೆಯದರಲ್ಲಿ ಗಾಲಿ ಒಂದು ಉರುಳೆಯನ್ನು ಒತ್ತಿಕೊಂಡು ತಿರುಗುತ್ತದೆ. ಅದರ ಬೆಲೆ ಮೊದಲನೆಯದರ ಕಾಲುಭಾಗ.

“ಇದರ ಅಳತೆ ಸ್ವಲ್ಪ ಆಚೀಚೆ ಆಗುತ್ತದೆ, ಮುಂಚೆಯೇ ಹೇಳಿಬಿಡುತ್ತೇನೆ” ಎಂದಳು ಅಂಗಡಿಯವಳು.

“ತಪ್ಪು ತೋರಿಸುವುದನ್ನು ಕೊಂಡು ನಾನೇನು ಮಾಡಲಿ?”

“ನಿಮಗೆ ಯಾರ ಜೊತೆ ಪಂದ್ಯ?”

“ಯಾರ ಜೊತೆಗೂ ಇಲ್ಲ. ಈ ಕಾಲು ಮೊದಲಿನಂತಾಗಬೇಕು.”

“ಹಾಗಾದರೆ ಇದು ಸಾಕು. ಒಂದು ಮಾತು ನೆನಪಿಡಿ. ದಿನವೂ ಗಾಲಿಗೆ ಒಂದೇ ಪ್ರಮಾಣದ ಗಾಳಿ ಹಾಕಿ. ಗಾಲಿಯನ್ನು ಉರುಳೆಗೆ ದಿನವೂ ಅಷ್ಟೇ ಬಿಗಿಯಾಗಿ ಒತ್ತಿ. ಹತ್ತು ನಿಮಿಷ ತುಳಿದು ಯಂತ್ರ ಬಿಸಿ ಮಾಡಿ, ಆಮೇಲೆ ಅಳತೆ ನೋಡಿ.”

ಯೋಧ ಎರಡನೆಯದನ್ನು ಕೊಂಡ. ಮೊದಲ ದಿನ ಅರ್ಧ ಗಂಟೆ ತುಳಿದಾಗ ಮೊಬೈಲು ಎಪ್ಪತ್ತು ವ್ಯಾಟ್ ತೋರಿಸಿತು. ಮೊಣಕಾಲು ಬಾತುಕೊಂಡಿತು. ಅವನು ಬಿಡಲಿಲ್ಲ. ಡಿಸೆಂಬರಿನಲ್ಲಿ ತೊಂಬತ್ತೈದಾಯಿತು. ಜನವರಿಯ ಕೊನೆಗೆ ನೂರಮೂವತ್ತು. ಅಂದು ಅವನು ಮನೆಗೆ ಫೋನ್ ಮಾಡಿ ಹೆಂಡತಿಗೆ ಆ ಸಂಖ್ಯೆ ಹೇಳಿದ. ಅವಳಿಗೆ ಅದರ ಅರ್ಥ ತಿಳಿಯಲಿಲ್ಲ. ಆದರೂ ದನಿ ಕೇಳಿ ಸಂತೋಷಪಟ್ಟಳು.

ಆ ವಾರವೇ ಒಬ್ಬ ಸಂಗಡಿಗ ನಿಖರವಾಗಿ ಅಳೆಯುವ ಪೆಡಲು ತಂದು ಯೋಧನ ಸೈಕಲ್ಲಿಗೆ ಹಾಕಿ ನೋಡಿದ. ಪೆಡಲು ನೂರಹತ್ತು ಎಂದಿತು. ಟ್ರೇನರ್ ನೂರಮೂವತ್ತು ಎಂದಿತು. ನಿಧಾನವಾಗಿ ತುಳಿದರೂ ಇಪ್ಪತ್ತರ ವ್ಯತ್ಯಾಸ, ಜೋರಾಗಿ ತುಳಿದರೂ ಇಪ್ಪತ್ತರ ವ್ಯತ್ಯಾಸ.

“ಇಷ್ಟು ದಿನ ಈ ಯಂತ್ರ ನಿನ್ನನ್ನು ಹೊಗಳುತ್ತಿತ್ತು ಕಣೋ” ಎಂದು ಸಂಗಡಿಗ ನಕ್ಕ.

ಯೋಧನ ಮುಖ ಸಪ್ಪಗಾಯಿತು. ಮರುದಿನ ಅವನು ಸೈಕಲ್ ಹತ್ತಲಿಲ್ಲ. ಅದರ ಮರುದಿನವೂ ಹತ್ತಲಿಲ್ಲ. ಎರಡು ತಿಂಗಳ ಬೆವರೆಲ್ಲ ಸುಳ್ಳಾಯಿತೆಂದು ಅವನಿಗೆ ಅನ್ನಿಸಿತ್ತು. ಮೂರನೆಯ ದಿನ ಟ್ರೇನರ್ ಮೇಲೆ ಕಂಬಳಿ ಹೊದಿಸಿಟ್ಟ.

ನಾಲ್ಕನೆಯ ದಿನ ಬೆಳಗ್ಗೆ ಬೂಟು ಹಾಕಿಕೊಳ್ಳಲು ಕೆಳಗೆ ಕುಳಿತ. ಏಳುವಾಗ ಗೋಡೆ ಹಿಡಿಯದೆಯೇ ಎದ್ದ. ಎದ್ದ ಮೇಲೆ ಅದು ಅವನ ಗಮನಕ್ಕೆ ಬಂತು. ಮತ್ತೆ ಕುಳಿತ, ಮತ್ತೆ ಎದ್ದ. ಆಗ ಯೋಚಿಸಿದ. ದಿನವೂ ಅಷ್ಟೇ ಗಾಳಿ, ಅಷ್ಟೇ ಬಿಗಿ; ಅಂದಮೇಲೆ ಮೊದಲ ದಿನವೂ ಈ ಯಂತ್ರ ಇಪ್ಪತ್ತು ಹೆಚ್ಚೇ ತೋರಿಸಿರಬೇಕು. ಈಗಲೂ ಇಪ್ಪತ್ತೇ ಹೆಚ್ಚು ತೋರಿಸುತ್ತಿದೆ. ಹಾಗಿದ್ದರೆ ಎಪ್ಪತ್ತರಿಂದ ನೂರಮೂವತ್ತಕ್ಕೆ ಏರಿದ ಆ ಅರವತ್ತು ಯಾರದು? ಯಂತ್ರದ್ದಲ್ಲ, ತನ್ನ ಕಾಲಿನದೇ.

ಅವನು ಕಂಬಳಿ ತೆಗೆದ. ಗಾಲಿಗೆ ಗಾಳಿ ಹಾಕಿದ. ಹತ್ತು ನಿಮಿಷ ತುಳಿದು ಬಿಸಿ ಮಾಡಿದ. ಅಂದಿನಿಂದ ಏಪ್ರಿಲ್‌ವರೆಗೆ ಒಂದು ದಿನವನ್ನೂ ತಪ್ಪಿಸಲಿಲ್ಲ.

ವೈದ್ಯರ ಮಂಡಳಿಗೆ ಅವನ ಯಂತ್ರ ಬೇಕಿರಲಿಲ್ಲ. ಅವರು ಎರಡೂ ತೊಡೆಗಳಿಗೆ ಟೇಪು ಸುತ್ತಿ ಅಳೆದರು. ಬೆನ್ನ ಮೇಲೆ ಇಪ್ಪತ್ತು ಕಿಲೋ ಹೊರಿಸಿ ಗುಡ್ಡ ಹತ್ತಿಸಿದರು. ಅವನು ಹತ್ತಿ, ಇಳಿದು, ನೆಟ್ಟಗೆ ನಿಂತ. ಹಿರಿಯ ವೈದ್ಯರು ಕಾಗದಕ್ಕೆ ಸಹಿ ಹಾಕುತ್ತ, “ಯಾವ ಕಾಲಿಗೆ ಪೆಟ್ಟಾಗಿತ್ತು?” ಎಂದು ಕೇಳಿದರು. ಮೇ ತಿಂಗಳಲ್ಲಿ ಅವನು ಮತ್ತೆ ಬೆಟ್ಟದ ಗಸ್ತಿಗೆ ಹೊರಟ.

ಮಾಸ್ತರರು ಕತೆ ನಿಲ್ಲಿಸಿದರು. ದಾನಮ್ಮನಿಗೆ ಸಮಾಧಾನವಾಗಲಿಲ್ಲ.

“ಆದರೂ ಮಾಸ್ತರೇ, ಅವನು ದುಬಾರಿಯದನ್ನೇ ಕೊಂಡಿದ್ದರೆ ಆ ಮೂರು ದಿನ ಹಾಳಾಗುತ್ತಿರಲಿಲ್ಲ, ಅಲ್ಲವೇ?”

“ಹೌದು ತಂಗಿ, ಅವನು ಮೂರು ದಿನ ಕಳೆದುಕೊಂಡ. ಯಾವ ಯಂತ್ರ ಕೊಳ್ಳಲಿ ಎಂದು ಕೇಳುತ್ತ ನೀನು ಸೈಕಲ್ ಹತ್ತದೆ ಎಷ್ಟು ದಿನವಾಯಿತು?”