ಅಮೆರಿಕವನ್ನು ಅರೆದು ಕುಡಿದ ದ್ಯಾಮಣ್ಣ

ಕೇಳುವವರು ಹತ್ತಿರ ಸರಿದು ಕೂಡಿರಿ, ನಗುವವರು ಸ್ವಲ್ಪ ತಡೆದು ನಗಿರಿ. ಬೆಟಗೇರಿಯ ಒಂದು ಓಣಿಯಲ್ಲಿ ಒಬ್ಬಳು ತಾಯಿ, ಒಬ್ಬ ಮಗ. ತಾಯಿ ಕಲ್ಲವ್ವ, ಮಗ ದ್ಯಾಮಣ್ಣ. ಕಲ್ಲವ್ವ ಬೆಳಗಾದರೆ ರೊಟ್ಟಿ ಬಡಿದು ಖಾನಾವಳಿಗೆ ಕೊಡುವವಳು. ದ್ಯಾಮಣ್ಣ ಸುಳ್ಳು ಹೇಳುವವನಲ್ಲ, ಮೈಗಳ್ಳನಲ್ಲ, ಹೇಳಿದ ಮಾತು ಮೀರುವವನಲ್ಲ. ತಾಪತ್ರಯ ಅದೇ! ಹೇಳಿದ ಮಾತು ಕೂದಲೆಳೆಯಷ್ಟೂ ಮೀರುವವನಲ್ಲ! "ಹಾಲು ಉಕ್ಕತೈತಿ, ನೋಡೋ" ಅಂದರೆ ಕೈ ಕಟ್ಟಿ ನಿಂತು, ಅದು ಉಕ್ಕಿ ಒಲೆ ಆರುವ ತನಕ ಕಣ್ತುಂಬ ನೋಡುವವನು.

"ಶಿವನ, ಇವನಿಗೆ ಎಲ್ಲಾ ಕೊಟ್ಟಿ, ಮಾತಿನ ಅರ್ಥ ಒಂದ ಮರತಿ!" ಎಂದು ಕಲ್ಲವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ದ್ಯಾಮಣ್ಣ ಒಂಬತ್ತನೇ ಇಯತ್ತೆಯಲ್ಲಿ ಎರಡು ವರ್ಷ ಕೂತಿದ್ದ. ಉಳಿದ ವಿಷಯ ಹೆಂಗೋ ದಾಟಿದ. ಇತಿಹಾಸದಲ್ಲಿ ಎರಡು ಸಲವೂ ಮುಗ್ಗರಿಸಿದ. ಮೂರನೆಯ ಸಲ ನಪಾಸಾದರೆ ಹೆಸರು ತೆಗೆಯುವುದೇ ಸೈ ಎಂದು ಹೆಡ್‌ಮಾಸ್ತರರು ಹೇಳಿಕಳಿಸಿದರು. ಕಲ್ಲವ್ವನ ಎದೆ ಧಸಕ್ ಎಂದಿತು. ತನಗೆ ಅಕ್ಷರ ಬಾರದು, ಮಗನಿಗಾದರೂ ನಾಲ್ಕು ಬರಲಿ ಎಂದು ಹಟ ಹಿಡಿದವಳು ಅವಳು. ಇತಿಹಾಸದ ಸವದಿ ಮಾಸ್ತರರ ಹತ್ತಿರ ಮಗನನ್ನು ಕೈ ಹಿಡಿದು ಕರೆದುಕೊಂಡು ಹೋದಳು.

ಮಾಸ್ತರರು ಧೈರ್ಯ ಹೇಳಿದರು. "ಈ ಸಲ ದೊಡ್ಡ ಪ್ರಶ್ನಿ ಅಮೆರಿಕದ್ದ ಬರ್ತೈತಿ. ಅಮೆರಿಕದ ಸ್ವಾತಂತ್ರ್ಯದ ಪಾಠ ಒಂದನ್ನ ಅರದು ಕುಡದಬಿಡಪಾ ದ್ಯಾಮಣ್ಣ. ಪಾಸಾಗ್ತಿ!"

"ಆಗಲ್ರೀ ಸರ!"

ಮನೆಗೆ ಬಂದ. ಪುಸ್ತಕ ತೆಗೆದ. ಅಮೆರಿಕದ ಏಳು ಹಾಳೆ ಕಿತ್ತ. ಒರಳಿಗೆ ಹಾಕಿದ, ನೀರು ಬಿಟ್ಟ, ಗರಗರ ಅರೆದ. ಕಹಿ ಆದೀತೆಂದು ಒಂದು ಚೂರು ಬೆಲ್ಲ ಕೂಡಿಸಿದ. ತಂಬಿಗೆ ತುಂಬ ಗಟಗಟ ಕುಡಿದ!

"ಏನ್ ಕುಡಿಯಾಕತ್ತೀಯೋ?"

"ಅಮೆರಿಕಾ, ಯವ್ವಾ!"

ಕಲ್ಲವ್ವ ಒರಳು ನೋಡಿದಳು, ಹರಿದ ಪುಸ್ತಕ ನೋಡಿದಳು. "ಅಯ್ಯಯ್ಯೋ ಖೋಡಿ! ಪಾಠ ಹೊಟ್ಟ್ಯಾಗ ಹಾಕ್ಕೊಳ್ಳೋದಲ್ಲೋ! ತಲ್ಯಾಗ ಇಟ್ಕೋಬೇಕು, ತಲ್ಯಾಗ!"

"ಮೊದಲ ಹೇಳಬಾರದೇನ ಯವ್ವಾ? ಇನ್ನ ಹಂಗ ಮಾಡ್ತೀನಿ."

ಎರಡು ದಿನ ಹೊಟ್ಟೆ ಗುಡುಗುಡು ಎಂದಿತು. ಮೂರನೆಯ ದಿನ ಮಾಸ್ತರರಿಂದ ಬೇರೆ ಪುಸ್ತಕ ತಂದ. ತಲೆಯ ಮೇಲೆ ಇಟ್ಟ, ಟವೆಲಿನಿಂದ ಗದ್ದದ ಕೆಳಗೆ ಗಂಟು ಹಾಕಿದ. ಹಾಗೇ ನೀರು ತಂದ. ಹಾಗೇ ಉಂಡ. ಹಾಗೇ ಮಲಗಲು ಹೋದ, ಆಗಲಿಲ್ಲ. ಗೋಡೆಗೆ ಆತು ಕೂತೇ ನಿದ್ದೆ ಮಾಡಿದ. ಒಂದು ಸಲವಾದರೂ ಬಿಚ್ಚಿದನೇ? ಇಲ್ಲ!

ಬೆಳಿಗ್ಗೆ ಕಲ್ಲವ್ವನಿಗೆ ಸಿಟ್ಟೂ ಬಂತು, ಕರುಳೂ ಚುರ್ ಎಂದಿತು. ಕುತ್ತಿಗೆ ಉಜ್ಜುತ್ತ ಬೈದಳು. "ಹುಚ್ಚಪ್ಪಾ! ತೆರೀಬೇಕೋ ಪುಸ್ತಕಾನ! ಬಾಯಿ ತೆರದು ಓದಬೇಕು. ನಾಕ ಮಂದಿ ಕೇಳೋ ಹಂಗ ಗಟ್ಟಿಯಾಗಿ ಓದಬೇಕು!"

"ನಾಕ ಮಂದಿ? ಆಗಲಿ ಯವ್ವಾ!"

ಪುಸ್ತಕ ಹಿಡಿದು ಹೊರಬಿದ್ದ. ಕಟ್ಟೆಯ ಮೇಲೆ ಮೂವರು ಕೂತಿದ್ದರು, ಓದಲಿಲ್ಲ. ನಳದ ಹತ್ತಿರ ಐದು ಜನ ಇದ್ದರು, ಓದಲಿಲ್ಲ. ಹಾಗೇ ಹುಡುಕುತ್ತ ಹುಡುಕುತ್ತ ಓಣಿ ದಾಟಿದ. ಆ ಹೊತ್ತಿಗೆ ಎದುರಿಗೆ ಬಂತು, ತೊಂಬತ್ತು ವರ್ಷದ ಬಾಳವ್ವಜ್ಜಿಯ ಹೆಣ. ಹೊತ್ತವರು ಎಷ್ಟು ಮಂದಿ? ಸರಿಯಾಗಿ ನಾಲ್ಕು!

ದ್ಯಾಮಣ್ಣನಿಗೆ ಹಿಡಿಸಲಾರದಷ್ಟು ಖುಷಿ. ಮುಂದೆ ಹೋಗಿ ನಿಂತ, ಗಂಟಲು ಸರಿಮಾಡಿಕೊಂಡ. "ಅಂದಿನಿಂದ ಅವರು ಸ್ವತಂತ್ರರಾದರು! ಊರೂರಿನಲ್ಲಿ ಘಂಟೆ ಬಾರಿಸಿದರು! ಜನ ಬೀದಿಗಿಳಿದು ಕುಣಿದಾಡಿದರು!"

ಹೊತ್ತವರು ಹೆಣ ಇಳಿಸಿದರು. ಎಂಟು ಕೈ ದ್ಯಾಮಣ್ಣನ ಬೆನ್ನ ಮೇಲೆ ಬಿದ್ದವು. ಬಿಡಿಸಿದವಳು ಯಾರು? ಬಾಳವ್ವನ ಸೊಸೆ. ಮೂರು ವರ್ಷ ಹಾಸಿಗೆ ಹಿಡಿದ ಅತ್ತೆಯನ್ನು ತೊಳೆದು ಬಳಿದು ನೋಡಿಕೊಂಡವಳು. "ಹೊಡೀಬ್ಯಾಡ್ರಿ, ಅತ್ತಿ ಬಾಳ ನರಳಿತ್ತು. ಹುಡುಗ ಅಂದದ್ದು ಖರೇನ ಐತಿ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಕಲ್ಲವ್ವನಿಗೆ ಸುದ್ದಿ ಮುಟ್ಟಿತು. ಬೆನ್ನಿಗೆ ಅರಿಸಿನ ಹಚ್ಚುತ್ತ ಬೈದಳು, ಬೈಯುತ್ತ ಹಚ್ಚಿದಳು. "ಬರೇ ಒದರಿದ್ರ ಏನ್ ಬಂತೋ! ಸಾಲ್ಯಾಗ ಮಾಸ್ತರು ಏನ್ ಕಲಸ್ತಾರ, ಅದನ್ನ ಬಂದು ಒಂದ್ಸಲ ಮಾಡಿ ನೋಡು. ಮಾಡಿ ನೋಡಿದ್ದು ಎಂದೂ ಮರಿಯೋದುಲ್ಲ!"

ಮರುದಿನ ಮಾಸ್ತರರು ಏನು ಕಲಿಸಿದರು? ಅಮೆರಿಕದ ಜನ ವೇಷ ಹಾಕಿಕೊಂಡು ಹಡಗು ಹತ್ತಿದ್ದು, ಚಹದ ಪೆಟ್ಟಿಗೆ ಎತ್ತಿ ಎತ್ತಿ ಸಮುದ್ರಕ್ಕೆ ಎಸೆದದ್ದು!

ದ್ಯಾಮಣ್ಣ ಮನೆಗೆ ಬಂದ. ರೊಟ್ಟಿ ಹಂಚಿನ ಮಸಿ ಮುಖಕ್ಕೆ ಬಳಿದುಕೊಂಡ. ದಾವಲಸಾಬನ ಚಹದಂಗಡಿಗೆ ಹೋದ. "ನಮಸ್ಕಾರ್ರೀ ಕಾಕಾ" ಅಂದ. ಚಹಪುಡಿಯ ಡಬ್ಬಿ ಎತ್ತಿದ, ಮುಚ್ಚಳ ತೆಗೆದ, ಓಣಿಯ ಬಾವಿಗೆ ಸುರಿದೇ ಬಿಟ್ಟ!

"ಏ! ಏ! ಏನ್ ಮಾಡಿದ್ಯೋ!"

"ಅಮೆರಿಕಾದಾಗ ಹಿಂಗ ಮಾಡ್ಯಾರ್ರೀ ಕಾಕಾ!"

ಬಾವಿ ನೀರು ಕೆಂಪಗಾಯಿತು. ಸೇದಿದವರೆಲ್ಲ ಕೊಡ ಚೆಲ್ಲಿದರು, ಕಲ್ಲವ್ವನ ಮನೆಯ ಕಡೆ ನೋಡಿ ಬಾಯಿ ಮಾಡಿದರು. ದಾವಲಸಾಬ ದ್ಯಾಮಣ್ಣನ ಕಿವಿ ಹಿಡಿದು ಸವದಿ ಮಾಸ್ತರರ ಮುಂದೆ ನಿಲ್ಲಿಸಿದ. ಕಲ್ಲವ್ವ ಹಿಂದೆ ಹಿಂದೆ ಓಡಿ ಬಂದಳು, ನೆಲ ನೋಡುತ್ತ ನಿಂತಳು.

"ಅವರು ಯಾಕ ಚೆಲ್ಲಿದ್ರು ಅಂತ ತಿಳಕೋಬೇಕೋ!" ಎಂದು ಮಾಸ್ತರರು ರೇಗಿದರು. "ಅವರನ್ನ ಒಂದ ಮಾತು ಕೇಳದ ಬ್ರಿಟಿಷರು ಚಹಾಕ್ಕ ತೆರಿಗಿ ಹಾಕಿದ್ರು. ಅದಕ್ಕ ಚೆಲ್ಲಿದ್ರು."

ದ್ಯಾಮಣ್ಣ ಕಿವಿ ಉಜ್ಜಿಕೊಳ್ಳುತ್ತ ಮಾಸ್ತರರ ಮುಖ ನೋಡಿದ. ಆಮೇಲೆ ಕೇಳಿದ: "ಆ ಚಹಾ ಯಾರದಿತ್ತರೀ ಸರ?"

ಮಾಸ್ತರರು ತಡವರಿಸಿದರು. ಇಪ್ಪತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಒಬ್ಬ ಹುಡುಗನೂ ಕೇಳಿರಲಿಲ್ಲ. "ಈಸ್ಟ್ ಇಂಡಿಯಾ ಕಂಪನೀದು."

"ನಮ್ಮನ್ನ ಆಳಿದ ಕಂಪನೀನ ಏನ್ರೀ?"

"ಹೂಂ, ಅದ ಕಂಪನಿ."

ದ್ಯಾಮಣ್ಣನ ಮುಖ ಸಣ್ಣದಾಯಿತು. ತಿರುಗಿ ದಾವಲಸಾಬನ ಕಾಲು ಮುಟ್ಟಿದ. "ತಪ್ಪಾತ್ರೀ ಕಾಕಾ. ನೀವು ಕಂಪನಿಯವರಲ್ಲ. ನಿಮ್ಮ ಚಹಾ ಚೆಲ್ಲಬಾರದಿತ್ತು."

ದಾವಲಸಾಬನ ಸಿಟ್ಟು ಅಲ್ಲೇ ಇಳಿಯಿತು. ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಕಲ್ಲವ್ವನಿಗೆ ಕಂಪನಿ ಗೊತ್ತಿಲ್ಲ, ತೆರಿಗೆ ಗೊತ್ತಿಲ್ಲ. ಆದರೆ ಮಾಸ್ತರರು ತನ್ನ ಮಗನನ್ನು ನೋಡುತ್ತಿದ್ದ ನೋಟ ಗೊತ್ತಾಯಿತು. ಮೊದಲ ಸಲ ತಲೆ ಎತ್ತಿ ನಿಂತಳು.

ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ಅಷ್ಟೂ ದಿನ ದ್ಯಾಮಣ್ಣ ಸಂಜೆ ಸಂಜೆ ತಾನಾಗಿಯೇ ಹೋಗಿ ದಾವಲಸಾಬನ ಗ್ಲಾಸು ತೊಳೆದ. ಚಹ ಕುಡಿಯಲು ಬಂದವರು "ಯಾಕ ಚೆಲ್ಲಿದ್ಯೋ ತಮ್ಮಾ?" ಎಂದು ಕೆಣಕುವರು. ಅವನು ನಗದೆ, ರೇಗದೆ, ಅಮೆರಿಕದ ಕತೆಯನ್ನು ಮೊದಲಿಂದ ಹೇಳುವನು. ಹದಿಮೂರು ವಸಾಹತು, ಕೇಳದೆ ಹಾಕಿದ ತೆರಿಗೆ, ಯುದ್ಧ, ಘೋಷಣೆ. ಕೇಳಲೆಂದೇ ಜನ ಎರಡನೇ ಚಹ ಹೇಳುವರು!

ಪರೀಕ್ಷೆಯ ದಿನ ಬಂತು. ಕಲ್ಲವ್ವ ಮಗನ ಹಣೆಗೆ ದೇವರ ಅಂಗಾರ ಹಚ್ಚಿ ಕೈ ಮುಗಿದು ಹೇಳಿದಳು: "ಮಗನ, ಇವತ್ತೊಂದಿನ ನಿನ್ನ ಬುದ್ಧಿ ಓಡಸಬ್ಯಾಡ. ಪೇಪರಿನ್ಯಾಗ ಏನ್ ಮಾಡು ಅಂತಾರ, ಅದನ್ನಷ್ಟ ಮಾಡು!"

"ಆಗಲಿ ಯವ್ವಾ!"

ದೊಡ್ಡ ಪ್ರಶ್ನೆ ಅಮೆರಿಕದ್ದೇ. ಏನೆಂದು ಇತ್ತು? 'ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮೇಲೆ ಬೆಳಕು ಚೆಲ್ಲಿರಿ.'

ದ್ಯಾಮಣ್ಣ ಅತ್ತ ನೋಡಿದ, ಇತ್ತ ನೋಡಿದ. ಎದ್ದ. ಬೆಂಚನ್ನು ಕರ್ರ್ ಎಂದು ಎಳೆದುಕೊಂಡು ಕಿಟಕಿಗೆ ಹೋದ. ಪ್ರಶ್ನೆಪತ್ರಿಕೆಯನ್ನು ಬಿಸಿಲಿಗೆ ಹಿಡಿದ. ಬೊಗಸೆಯಿಂದ ಬಿಸಿಲು ಮೊಗೆದು ಮೊಗೆದು ಅದರ ಮೇಲೆ ಸುರಿದ!

ಮೇಲ್ವಿಚಾರಕರು ಬೇರೆ ಊರಿನವರು. ಓಡಿ ಬಂದರು. "ಏಯ್! ಏನೋ ಇದು?"

"ಬೆಳಕು ಚೆಲ್ಲಾಕತ್ತೀನ್ರೀ ಸರ!"

ಖೋಲಿ ತುಂಬ ನಗು. "ಮಹರಾಯಾ! ಹಂಗಂದ್ರ ನಿನಗ ಏನೇನ್ ಗೊತ್ತೈತಿ ಅದನ್ನೆಲ್ಲ ಬರಿ ಅಂತ ಅರ್ಥ! ಎಲ್ಲಾ ಬರಿ!"

"ಎಲ್ಲಾ ಏನ್ರೀ? ಆಗಲ್ರೀ ಸರ!"

ಬರೆದ. ತಲೆ ಎತ್ತದೆ ಬರೆದ. ಪುರವಣಿ ಹಾಳೆಯ ಮೇಲೆ ಹಾಳೆ ಕೇಳಿ ಬರೆದ. ಅವ್ವನ ರೊಟ್ಟಿ ಎಷ್ಟು ತೆಳ್ಳಗೆ ಎಂದು ಬರೆದ. ದಾವಲಸಾಬನ ಚಹದ ಕಿಟ್ಲಿಗೆ ತೂತು ಬಿದ್ದದ್ದು ಬರೆದ. ಬಾಳವ್ವನ ಸೊಸೆಯ ಒಳ್ಳೆಯತನ ಬರೆದ. ನಡುನಡುವೆ ಅಮೆರಿಕ ಬರೆದ!

ಸವದಿ ಮಾಸ್ತರರು ಅವನ ಉತ್ತರಪತ್ರಿಕೆ ಹಿಡಿದು ಒಂದು ಇಡೀ ಮಧ್ಯಾಹ್ನ ಕೂತು, ಅಕ್ಕಿಯಲ್ಲಿ ಹರಳು ಆರಿಸಿದಂತೆ ಆರಿಸಿದರು. ರೊಟ್ಟಿ ಬದಿಗಿಟ್ಟರು, ಕಿಟ್ಲಿ ಬದಿಗಿಟ್ಟರು. ಉಳಿದ ಅಮೆರಿಕದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ! ಇಸವಿ ಸರಿ, ವಸಾಹತು ಸರಿ, ಕಾರಣ ಸರಿ. ಕೊನೆಗೆ ಅವನೇ ಬರೆದಿದ್ದ: 'ಚಹ ಚೆಲ್ಲುವ ಮೊದಲು ಅದು ಯಾರದೆಂದು ಕೇಳಬೇಕು. ಅವರು ಕೇಳಿದ್ದರು. ನಾನು ಕೇಳಿರಲಿಲ್ಲ.'

ಮಾಸ್ತರರು ತಾವೇ ಕಲ್ಲವ್ವನ ಮನೆಗೆ ನಡೆದು ಬಂದರು. "ಕಲ್ಲವ್ವಾ, ನಿನ್ನ ಮಗ ಪಾಸು! ಅಮೆರಿಕದ ಪ್ರಶ್ನಿಗೆ ಇವನಷ್ಟು ಮಾರ್ಕು ಸಾಲ್ಯಾಗ ಯಾರಿಗೂ ಬಿದ್ದಿಲ್ಲ!"

ಕಲ್ಲವ್ವ ರೊಟ್ಟಿ ಬಡಿಯುವುದು ಬಿಟ್ಟು ಎದ್ದಳು. ಹಿಟ್ಟಿನ ಕೈಯಲ್ಲೇ ಮಗನ ಗಲ್ಲ ಸವರಿದಳು; ಗಲ್ಲವೆಲ್ಲ ಬೆಳ್ಳಗಾಯಿತು. "ಬುದ್ಧಿ ಇಲ್ಲಂತ ಅಂದೆನಲ್ಲೋ ನಿನಗ! ನನಗ ಇರಲಿಲ್ಲೋ ಎಪ್ಪಾ!"

ಮಾಸ್ತರರು ಹೊರಡುವಾಗ ಬೆನ್ನು ತಟ್ಟಿ ಹೇಳಿದರು: "ಶಾಬಾಸ್! ಸಾಲಿ ಸುರುವಾದ ದಿನ ಲಗೂನ ಬಂದು, ಸೀದಾ ಮ್ಯಾಲಿನ ಕ್ಲಾಸಿಗೆ ಹೋಗಿ ಕುಂಡ್ರು!"

"ಆಗಲ್ರೀ ಸರ!"

ಜೂನ್ ತಿಂಗಳು, ಶಾಲೆ ಶುರುವಾದ ದಿನ. ಮಗ ಹತ್ತನೆಯದರಲ್ಲಿ ಕೂತದ್ದನ್ನು ಕಣ್ಣಾರೆ ನೋಡಬೇಕೆಂದು ಕಲ್ಲವ್ವ ಹೊಸ ಸೀರೆ ಉಟ್ಟು ಬಂದಳು. ಕಿಟಕಿಯಿಂದ ಇಣುಕಿದಳು. ಹಾಜರಿ ಪುಸ್ತಕ ಹಿಡಿದ ಸವದಿ ಮಾಸ್ತರರು ಇದ್ದಾರೆ, ಹುಡುಗರೆಲ್ಲ ಇದ್ದಾರೆ, ದ್ಯಾಮಣ್ಣ ಇಲ್ಲ!

"ಮುಂಜಾನೆ ಏಳಕ್ಕ ಮನಿ ಬಿಟ್ಟಾನ್ರೀ ಸರ!"

"ಇಲ್ಲಿಗೆ ಬಂದೇ ಇಲ್ಲಲ್ಲ ಕಲ್ಲವ್ವಾ!"

ಇಬ್ಬರೂ ಗಾಬರಿಯಾಗಿ ಅಂಗಳಕ್ಕೆ ಬಂದರು. ಗೋಡೆಗೆ ಒಂದು ಏಣಿ. ಏಣಿಯ ತುದಿಗೆ ಶಾಲೆಯ ಹಂಚು. ಹಂಚಿನ ಮೇಲೆ ಕಾಲು ಮಡಚಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು, ತೊಡೆಯ ಮೇಲೆ ಹೊಸ ಪುಸ್ತಕ ಬಿಡಿಸಿಕೊಂಡು ಕೂತಿದ್ದ ದ್ಯಾಮಣ್ಣ!

"ಯವ್ವಾ! ಮ್ಯಾಲಿನ ಕ್ಲಾಸಿಗೆ ನಾನ ಮೊದಲು ಬಂದೀನಿ! ಉಳಿದವರು ಇನ್ನೂ ಯಾರೂ ಬಂದಿಲ್ಲ! ಸರ್‌ಗೆ ಲಗೂ ಏರಿ ಬರ್ರಿ ಅನ್ನು!"

ಕಲ್ಲವ್ವ ಬೈಯಲು ಬಾಯಿ ತೆರೆದಳು, ನಗು ಬಂದುಬಿಟ್ಟಿತು. ಸವದಿ ಮಾಸ್ತರರು ಏಣಿ ನೋಡಿದರು, ಹುಡುಗನನ್ನು ನೋಡಿದರು, ಅಂಗಳದಲ್ಲೇ ನಿಂತು ಹಾಜರಿ ಪುಸ್ತಕ ತೆರೆದರು.

"ದ್ಯಾಮಣ್ಣ!"

ಹಂಚಿನ ಮೇಲಿಂದ ಉತ್ತರ ಬಂತು: "ಹಾಜರ್ರೀ ಸರ!"